ಕಾಮಕಸ್ತೂರಿಯ ತಿರುವು

ನಿಡಸೂರಿನ ಪೂಜ್ಯ ಅಡವಯ್ಯ ಅಜ್ಜನವರು ಯಾವ ಪೀಠದ ಮೇಲೂ ಕುಳಿತವರಲ್ಲ, ಯಾವ ಪಲ್ಲಕ್ಕಿಯನ್ನೂ ಏರಿದವರಲ್ಲ. ಊರ ಹೊರಗಿನ ಅಂಧರ ಆಶ್ರಮದಲ್ಲಿ ದನದ ಕೊಟ್ಟಿಗೆಗೆ ಹೊಂದಿಕೊಂಡು ಒಂದು ಖೋಲಿ, ಅದರೊಳಗೆ ಒಂದು ಕಂಬಳಿ, ಮೂಲೆಯಲ್ಲಿ ಒಂದು ನೀರಿನ ಕೊಡ. ಅವರ ಮಠವೆಂದರೆ ಅಷ್ಟೇ. ಬೆಳಗಿನ ಲಿಂಗಪೂಜೆ ಮುಗಿದ ಮೇಲೆ ಅವರು ಕೊಟ್ಟಿಗೆಯ ಕಟ್ಟೆಯ ಮೇಲೆ ಕುಳಿತು ಹತ್ತಿ ಬಿಡಿಸಿ ದೀಪದ ಬತ್ತಿ ಹೊಸೆಯುತ್ತಿದ್ದರು. "ಅಜ್ಜಾರ, ಕಣ್ಣಿಲ್ಲದವರ ಮನೀಗೆ ದೀಪ ಯಾಕ್ರಿ?" ಎಂದು ಯಾರಾದರೂ ಚೇಷ್ಟೆ ಮಾಡಿದರೆ, "ಕಣ್ಣಿದ್ದವರು ಬಂದ್ರ ಎಡವಬಾರದಲ್ಲಪ್ಪ" ಎಂದು ನಕ್ಕುಬಿಡುತ್ತಿದ್ದರು.

ಅವರದೊಂದು ಸ್ವಭಾವವಿತ್ತು. ಯಾವ ಮಾತನ್ನೂ ಎರಡನೇ ಸಲ ಹೇಳುತ್ತಿರಲಿಲ್ಲ. ಕೇಳಿಸಿಕೊಂಡವರು ಪುಣ್ಯವಂತರು, ಕೇಳಿಸಿಕೊಳ್ಳದವರು ತಾವಾಗಿಯೇ ತಿರುಗಿ ಬರುವತನಕ ಅಜ್ಜನವರು ಕಾಯುವರು. ಈ ಪ್ರಸಂಗದಲ್ಲಿ ಹಾಗೆ ಕೇಳಿಸಿಕೊಳ್ಳದೆ ಹೋದವರು ನಲವತ್ತು ಮಂದಿ. ಅವರಲ್ಲೊಬ್ಬನ ಹೆಸರು ಮೋನಪ್ಪ ಬಡಿಗೇರ.

ಮೋನಪ್ಪ ಬೋರ್ಡ್ ಬರೆಯುವ ಪೇಂಟರ್. ನಿಡಸೂರು ಪೇಟೆಯಲ್ಲಿ ಕಿರಾಣಿ ಅಂಗಡಿಯಿಂದ ಹಿಡಿದು ಹಲ್ಲಿನ ದವಾಖಾನೆಯವರೆಗೆ ಯಾವ ಫಲಕ ನೋಡಿದರೂ ಅದು ಅವನ ಕೈಬರಹ. ಅಳತೆಪಟ್ಟಿ ಹಿಡಿಯದೆ, ದಾರ ಕಟ್ಟದೆ, ಬರಿಗಣ್ಣಿನ ಅಂದಾಜಿನಲ್ಲಿ ಹತ್ತಡಿ ಉದ್ದದ ಗೆರೆ ಎಳೆದುಬಿಡುತ್ತಿದ್ದ. "ನನ್ನ ಕಣ್ಣs ನನ್ನ ಆಸ್ತಿ" ಎಂದು ಮೀಸೆ ತಿರುವುತ್ತಿದ್ದ. ಪಾಪ, ಆ ವರ್ಷ ಅವನ ಗೆರೆಗಳು ಬಲಕ್ಕೆ ಬಂದಂತೆ ಇಳಿಯತೊಡಗಿದವು. ಜಿಲ್ಲೆಯ ಊರಿಗೆ ಹೋಗಿ ಒಬ್ಬ ಕಣ್ಣಿನ ಡಾಕ್ಟರಿಗೆ ತೋರಿಸಿದ. ಅವರು ದೀಪ ಹಿಡಿದು ನೋಡಿ, ಕಾಚಬಿಂದು ಎಂದರು. ಕತ್ತಲೆ ಎರಡೂ ಬದಿಯಿಂದ ನಡುವಿಗೆ ಸರಿಯುತ್ತ ಬರುತ್ತದೆ, ಹೋದ ದೃಷ್ಟಿ ತಿರುಗಿ ಬರುವುದಿಲ್ಲ, ತಪ್ಪದೆ ಔಷಧ ಹಾಕಿಕೊಂಡರೆ ಉಳಿದದ್ದನ್ನು ಎರಡು ವರ್ಷ ಹಿಡಿದಿಡಬಹುದು ಎಂದು ಬಿಡಿಸಿ ಹೇಳಿದರು.

ಮೋನಪ್ಪ ಇದನ್ನು ಹೆಂಡತಿ ಕಾಳವ್ವನಿಗೂ ಹೇಳಲಿಲ್ಲ. ಔಷಧದ ಬಾಟಲಿಯನ್ನು ಬಣ್ಣದ ಡಬ್ಬಿಗಳ ಹಿಂದೆ ಬಚ್ಚಿಟ್ಟ. ಕತ್ತಲೆಗಿಂತ ಅವನಿಗೆ ಹೆಚ್ಚು ಹೆದರಿಕೆಯಾದದ್ದು ಬೇರೆಯದಕ್ಕೆ. ಯಾರದೋ ಕೈ ಹಿಡಿದು ಬಚ್ಚಲಿಗೆ ಹೋಗಬೇಕು, ಯಾರೋ ಕೂರಿಸಿದಲ್ಲಿ ಕೂರಬೇಕು, ಏಳು ಎಂದಾಗ ಏಳಬೇಕು. ಆ ದಿನ ಬರುವುದಾದರೆ ಅದರ ಹಿಂದಿನ ದಿನವೇ ತನ್ನ ಕಡೆಯ ದಿನ ಎಂದು ಅವನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದ. ಅಜ್ಜನವರ ಹೆಸರು ಕೇಳಿದರೆ ಅವನಿಗೆ ಸಿಟ್ಟು. "ಕಣ್ಣು ಕೊಡಲಾರದ ಅಜ್ಜ ಎಂಥಾ ಅಜ್ಜ? ಕುರುಡರನ್ನ ಕೂಡಿಹಾಕ್ಕೊಂಡು ಬತ್ತಿ ಹೊಸದ್ರ ಆತೇನು?" ಎನ್ನುತ್ತಿದ್ದ. ಆಶ್ರಮದ ಗೇಟಿನ ಮುಂದೆ ಸೈಕಲ್ ಹಾದುಹೋಗುವಾಗ ಮುಖ ಆಚೆ ತಿರುಗಿಸಿಕೊಂಡು ಹೋಗುತ್ತಿದ್ದ.

ಆಶ್ರಮಕ್ಕೆ ಐವತ್ತು ವರ್ಷ ತುಂಬುವ ಹೊತ್ತು ಬಂತು. ಎರಡು ಎಕರೆ ಹಿತ್ತಲು, ಕಾಂಪೌಂಡಿನ ತುಂಬ ಗಿಡಗಂಟಿ. ಕಾಂಗ್ರೆಸ್ ಕಸ ಸೊಂಟದೆತ್ತರ ಬೆಳೆದಿತ್ತು, ಬಳ್ಳಾರಿ ಜಾಲಿ ಗೋಡೆ ಹತ್ತಿತ್ತು. ಭಾವಿಯ ಹತ್ತಿರ ಎರಡು ಸಲ ಹಾವು ಕಂಡಿತ್ತು. ಕಿರಾಣಿ ಅಂಗಡಿಯ ವಿರೂಪಣ್ಣ ಶೆಟ್ಟರು ಮುಂದಾಗಿ, ಪೇಟೆಯ ನಲವತ್ತು ಜನರನ್ನು ಕಟ್ಟಿಕೊಂಡು, ಒಂದು ದಿನದ ಶ್ರಮದಾನ ಎಂದು ಸಾರಿಬಿಟ್ಟರು. ಶೆಟ್ಟರದು ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ಉತ್ಸಾಹ. "ಮೋನಪ್ಪಾ, ನೀನೂ ಬಾರಪ. ಹೆಂಗೂ ಗೇಟಿಗೆ ಹೊಸಾ ಬೋರ್ಡ್ ಬರೀಬೇಕು" ಎಂದರು. ಒಲ್ಲೆ ಎನ್ನಬೇಕೆಂದು ಬಾಯಿ ತೆರೆದ ಮೋನಪ್ಪ, ಅದೇಕೋ ಹೂಂ ಎಂದ. ನಾಳೆ ತಾನು ಏನಾಗಲಿದ್ದೇನೆ ಎಂಬುದನ್ನು ಒಮ್ಮೆ ಕದ್ದು ನೋಡುವ ಆಸೆ ಅವನ ಒಳಗೆಲ್ಲೋ ಕೂತಿತ್ತು.

ಶ್ರಮದಾನದ ದಿನ ಪಕ್ಕದ ಹಳ್ಳಿಯ ಭಕ್ತರೊಬ್ಬರ ಮನೆಯ ಗೃಹಪ್ರವೇಶ. ಆಶ್ರಮದ ಇಪ್ಪತ್ತೆಂಟು ಮಂದಿಗೂ ಪ್ರಸಾದಕ್ಕೆ ಕರೆ ಬಂದಿತ್ತು. ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಹುಲ್ಲು ಹಾಸಿ ಎಲ್ಲರನ್ನೂ ಕೂರಿಸಿದರು. ಅಜ್ಜನವರು ಕಡೆಗೆ ಹತ್ತುವಾಗ ಶೆಟ್ಟರ ಕಡೆ ತಿರುಗಿ, "ವಿರೂಪಣ್ಣ, ಮನೀ ಮಂದೀನ್ನ ಒಂದು ಮಾತು ಕೇಳಿ ಕೈ ಹಚ್ರಿ" ಎಂದರು.

"ಅವರೇನು ನೋಡೋರೇನ್ರಿ ಅಜ್ಜಾರ? ನೀವು ಹೋಗಿ ಬರ್ರಿ, ಬರೂದ್ರಾಗ ಹಿತ್ತಲ ಕನ್ನಡಿ ಮಾಡಿ ಇಟ್ಟಿರತೀವಿ" ಎಂದು ಶೆಟ್ಟರು ನಕ್ಕರು. ಅಜ್ಜನವರು ನಗಲಿಲ್ಲ. ಟ್ರ್ಯಾಕ್ಟರು ಹೊರಟಿತು.

ಅಬ್ಬಬ್ಬಾ, ಆ ದಿನದ ಕೆಲಸ! ಕುಡಗೋಲು, ಸಲಿಕೆ, ಗುದ್ದಲಿ, ಕೊಡಲಿ ಎಂದು ಕೈಗೆ ಸಿಕ್ಕದ್ದನ್ನು ಹಿಡಿದು ನಲವತ್ತು ಜನ ಹಿತ್ತಲಿನ ಮೇಲೆ ಬಿದ್ದರು. ಯಾವುದು ಕಸ, ಯಾವುದು ಸಸಿ ಎಂದು ನೋಡುವ ತಾಳ್ಮೆ ಯಾರಿಗೂ ಇರಲಿಲ್ಲ. ಕಾಂಗ್ರೆಸ್ ಕಸದ ಜೊತೆಗೆ ಮಜ್ಜಿಗೆಹುಲ್ಲಿನ ಬುಡವೂ ಹೋಯಿತು, ಜಾಲಿಯ ಜೊತೆಗೆ ಆಡುಸೋಗೆಯ ಸಾಲೂ ಹೋಯಿತು. ಕಾಲಿನಿಂದ ಸವೆದು ತಗ್ಗಾಗಿದ್ದ ದಾರಿಗಳನ್ನೆಲ್ಲ ಮಣ್ಣೆಳೆದು ಮುಚ್ಚಿ, ಮೇಲೆ ಗರಸು ಹಾಸಿ, ಕಲ್ಲುರುಳೆ ಉರುಳಿಸಿ ಸಮ ಮಾಡಿದರು. ನಡುನಡುವೆ ಮಂಡಕ್ಕಿ, ಮಿರ್ಚಿಭಜಿ, ಚಹಾ. ಜಾತ್ರೆಗೆ ಹೋದವರ ಹುಮ್ಮಸ್ಸು.

ಮೋನಪ್ಪನಿಗೆ ಸಿಕ್ಕದ್ದು ಭಾವಿಯ ಹತ್ತಿರದ ತಿರುವು. ಅಲ್ಲಿ ಎದೆಮಟ್ಟ ಬೆಳೆದ ಕಾಮಕಸ್ತೂರಿಯ ಗಿಡ, ತಲೆತುಂಬ ತೆನೆ ಬಿಟ್ಟು ನಿಂತಿತ್ತು. ಅವನು ಅದನ್ನು ಉಳಿಸುವವನೇ ಇದ್ದ. ಆದರೆ ಬಗ್ಗಿ ಪಕ್ಕಕ್ಕೆ ಹೊರಳುವಾಗ ಅದರದೊಂದು ಟೊಂಗೆ ಅವನ ಕೆನ್ನೆಗೆ ಛಟೀರೆಂದು ಬಡಿಯಿತು. ಮೊಳದ ದೂರದಲ್ಲಿದ್ದ ಟೊಂಗೆ ಅವನಿಗೆ ಕಂಡಿರಲಿಲ್ಲ. ಬಲಬದಿಯ ಕತ್ತಲೆ ಅಷ್ಟು ಒಳಗೆ ಬಂದಿತ್ತು! ಅದು ತಿಳಿದದ್ದೇ ಅವನಿಗೆ ಎಲ್ಲಿಲ್ಲದ ಸಿಟ್ಟು ಬಂತು. ಕೊಡಲಿ ಎತ್ತಿ ಗಿಡವನ್ನು ಬುಡಸಮೇತ ಕಡಿದು ಹಾಕಿದ. ಕಡಿದಷ್ಟೂ ಪರಿಮಳ ಎದ್ದಿತು. ಅಂಗಿ, ಅಂಗೈ, ಮೀಸೆ ಎಲ್ಲ ಕಾಮಕಸ್ತೂರಿಯ ವಾಸನೆಯಾಗಿ, ತಲೆ ಹಗುರಾಗಿ, ಅವನು ಸ್ವಲ್ಪ ಹೊತ್ತು ಭಾವಿಯ ಕಟ್ಟೆ ಹಿಡಿದುಕೊಂಡು ನಿಂತ.

ಸಂಜೆ ಐದಕ್ಕೆ ಟ್ರಾಲಿ ಬಂತು. ಇಳಿಬಿಸಿಲಿನಲ್ಲಿ ಹಿತ್ತಲು ಫಳಫಳ ಹೊಳೆಯುತ್ತಿತ್ತು. ನಲವತ್ತು ಜನ ಸಾಲಾಗಿ ನಿಂತು ಅಜ್ಜನವರ ಮುಖವನ್ನೇ ನೋಡಿದರು, ಭೇಷ್ ಎನ್ನುತ್ತಾರೆಂದು. ಆಶ್ರಮದವರು ಒಬ್ಬೊಬ್ಬರಾಗಿ ಕೆಳಗಿಳಿದರು.

ಮೊದಲು ನಡೆದವಳು ಚಂಪವ್ವ. ಅರವತ್ತರ ಮುದುಕಿ, ಆಶ್ರಮದಲ್ಲಿ ಮೂವತ್ತು ವರ್ಷ ಕಳೆದವಳು. ಕೋಲು ಹಿಡಿದವಳಲ್ಲ. ಗೇಟಿನಿಂದ ಹತ್ತು ಹೆಜ್ಜೆ ಸರಸರ ನಡೆದು, ಹನ್ನೊಂದನೆಯದಕ್ಕೆ ನಿಂತುಬಿಟ್ಟಳು. ಬಲಗೈ ಚಾಚಿದಳು. ಗಾಳಿ. ಒಂದು ಹೆಜ್ಜೆ ಸರಿದು ಮತ್ತೆ ಚಾಚಿದಳು. ಮತ್ತೂ ಗಾಳಿ. ಕಾಲಿನಿಂದ ನೆಲ ಕೆದರಿ ನೋಡಿದಳು. ಅವಳ ಹಿಂದೆ ಬಂದವರೂ ಒಬ್ಬೊಬ್ಬರು ಒಂದೊಂದು ಕಡೆ ನಿಂತರು. ಒಬ್ಬ ಗೋಡೆಗೆ ಹೋಗಿ ಹಣೆ ತಗಲಿಸಿಕೊಂಡ. ಇನ್ನೊಬ್ಬ ಎರಡೂ ಕೈ ಮುಂದೆ ಹಿಡಿದು ಸುತ್ತು ತಿರುಗತೊಡಗಿದ. ಇಪ್ಪತ್ತೆಂಟು ಜನ ಆ ಬಯಲಿನ ತುಂಬ, ನಿದ್ದೆಯಲ್ಲಿ ಎದ್ದು ಬಂದವರ ಹಾಗೆ ಮಾತಿಲ್ಲದೆ ನಿಂತಿದ್ದರು.

"ಅಜ್ಜಾರ," ಎಂದಳು ಚಂಪವ್ವ ಮೆಲ್ಲಗೆ, "ನಾವು ಯಾರ ಮನೀಗೆ ಬಂದೀವ್ರಿ?"

ಆಗ ನಲವತ್ತು ಜನಕ್ಕೂ ತಿಳಿಯಿತು, ತಾವು ಏನು ಮಾಡಿದ್ದೇವೆಂದು. ಮೊಣಕಾಲಿಗೆ ಮಜ್ಜಿಗೆಹುಲ್ಲು ಸವರಿದರೆ ಪ್ರಸಾದದ ಮನೆ. ಅಂಗೈಗೆ ಆಡುಸೋಗೆಯ ಅಗಲ ಎಲೆ ತಗಲಿದರೆ ಹೆಣ್ಣುಮಕ್ಕಳ ಖೋಲಿ. ಕಾಮಕಸ್ತೂರಿಯ ವಾಸನೆ ಬಂದಲ್ಲಿ ಎಡಕ್ಕೆ ಹೊರಳಿದರೆ ಭಾವಿ. ಆ ಜನರ ದಾರಿಯೆಲ್ಲ ಗಿಡಗಳಲ್ಲಿತ್ತು. ಅದನ್ನು ಬೇರುಸಹಿತ ಕಿತ್ತು ಕಾಂಪೌಂಡಿನ ಮೂಲೆಗೆ ಗುಡ್ಡೆ ಹಾಕಿಯಾಗಿತ್ತು. ಶೆಟ್ಟರು ತಲೆಯ ಮೇಲೆ ಕೈ ಹೊತ್ತು, "ಅಯ್ಯೋ ಶಿವನೇ!" ಎಂದು ಕೂಗಿ ಓಡಿದರು. ಅವರ ಹಿಂದೆ ಎಲ್ಲರೂ ಓಡಿ, ಕಂಡಕಂಡವರ ಕೈ ಹಿಡಿದು ಎಳೆದುಕೊಂಡು ಹೊರಟರು.

"ಕೈ ಬಿಡ್ರಿ," ಎಂದರು ಅಜ್ಜನವರು.

ದನಿ ಎತ್ತರಿಸಿರಲಿಲ್ಲ. ಆದರೂ ಎಲ್ಲರ ಕೈ ಬಿಟ್ಟುಹೋದವು.

"ಗಿಡ ಯಾರ ಕೈಯನ್ನೂ ಹಿಡಿದು ಎಳಕೊಂಡು ಹೋಗಿದ್ದಿಲ್ಲ. ತನ್ನ ಜಾಗಾದಾಗ ನಿಂತಿತ್ತು, ಅಷ್ಟs."

ಇಷ್ಟು ಹೇಳಿ ಅಜ್ಜನವರು ಮೂಲೆಯ ಗುಡ್ಡೆಗೆ ಹೋದರು. ಬಾಡುತ್ತಿದ್ದ ರಾಶಿಯಲ್ಲಿ ಕೈಯಾಡಿಸಿ ಕಾಮಕಸ್ತೂರಿಯ ಒಂದು ತೆಕ್ಕೆ ಟೊಂಗೆ ತೆಗೆದುಕೊಂಡು, ಭಾವಿಯ ತಿರುವಿಗೆ ಬಂದು, ಗಿಡವಿದ್ದ ಅದೇ ಜಾಗದಲ್ಲಿ ಅದನ್ನು ಎದೆಮಟ್ಟ ಹಿಡಿದು ನಿಂತರು. ಎಪ್ಪತ್ತೆಂಟು ವರ್ಷದ ಶರೀರ. ಕರೆಯಲಿಲ್ಲ, ಕೆಮ್ಮಲಿಲ್ಲ, ಕಣ್ಣು ಮುಚ್ಚಿ ಸುಮ್ಮನೆ ನಿಂತರು. ಗಾಳಿ ಬಂತು. ಎಲೆ ಅಲುಗಿದವು. ಚಂಪವ್ವನ ಮುಖ ನಿಧಾನವಾಗಿ ಮೇಲೆದ್ದಿತು, ಮೂಗು ಅರಳಿತು. ಅವಳು ತಿರುಗಿ ನಡೆದಳು, ಒಂದೊಂದೇ ಹೆಜ್ಜೆ, ಆಮೇಲೆ ಎರಡೆರಡು. ಬೆರಳು ಎಲೆಗೆ ತಗಲಿದವು. ಎಲೆಯ ಹಿಂದಿದ್ದ ಮುದಿ ಕೈಗೂ ತಗಲಿದವು. ಯಾರ ಕೈಯೆಂದು ಗೊತ್ತಾಗಿ ಮುದುಕಿ ಬೆರಳು ಹಿಂದೆಳೆದುಕೊಂಡಳು. "ಅಜ್ಜಾರ! ನೀವ್ಯಾಕ ಇಲ್ಲಿ ನಿಂತೀರಿ?" ಅವಳು ದಿನದ ರೂಢಿಯಂತೆ ಒಂದು ಎಲೆ ಚಿವುಟಿ ತುರುಬಿಗೆ ಸಿಕ್ಕಿಸಿಕೊಂಡು, ಎಡಕ್ಕೆ ಹೊರಳಿ, ನೇರ ಭಾವಿಯ ಕಟ್ಟೆಗೆ ಹೋದಳು.

ನೋಡುತ್ತಿದ್ದ ಜನ ಅತ್ತೇಬಿಟ್ಟರು. ಶೆಟ್ಟರು ಕಣ್ಣೊರೆಸಿಕೊಂಡು ಮಜ್ಜಿಗೆಹುಲ್ಲಿನ ಕಂತೆ ಹುಡುಕಿ ತಂದು, ಅದು ಮೊಣಕಾಲಿಗೆ ಸವರಬೇಕಲ್ಲ ಎಂದು, ಆ ದೊಡ್ಡ ಹೊಟ್ಟೆ ಹೊತ್ತುಕೊಂಡು ಪ್ರಸಾದದ ಮನೆಯ ದಾರಿಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತರು. ಬೇರೆಯವರು ಆಡುಸೋಗೆ ಹಿಡಿದು ಸಾಲಾಗಿ ನಿಂತರು. ದೀಪ ಹಚ್ಚುವ ಹೊತ್ತಿಗೆ ಇಪ್ಪತ್ತೆಂಟು ಮಂದಿಯೂ ತಮ್ಮ ತಮ್ಮ ಕಾಲಿನಿಂದಲೇ ನಡೆದು ತಮ್ಮ ತಮ್ಮ ಜಾಗ ಸೇರಿದರು.

ಆಮೇಲೆ ಅಜ್ಜನವರು ಮೋನಪ್ಪನ ಮುಂದೆ ಬಂದು ನಿಂತರು. ಭಾವಿಯ ಗಿಡ ಕಡಿದವರು ಯಾರೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಕೈಯಲ್ಲಿದ್ದ ತೆಕ್ಕೆಯನ್ನು ಅವನ ಕೈಗೆ ಕೊಟ್ಟರು.

"ಆ ತಿರುವು ನಿಂದು, ತಮ್ಮಾ."

"ಎಷ್ಟು ದಿನ ಅಜ್ಜಾರ?" ಎಂದ ಮೋನಪ್ಪ.

"ಬೇರು ಬಿಡೂತನಕ. ಗಿಡ ಮಾತಾಡಂಗಿಲ್ಲ, ನೆನಪಿರಲಿ."

ಅಂದೇ ರಾತ್ರಿ ಉಳಿದ ಬೇರುಗಳನ್ನು ಹುಡುಕಿ ಊರಿದರು, ಹಸಿ ಟೊಂಗೆಗಳನ್ನು ನೆಟ್ಟರು, ನೀರು ಹಾಕಿದರು. ಅವು ಚಿಗಿಯುವವರೆಗೆ, ಬೆಳಗಿನ ಸ್ನಾನದ ಹೊತ್ತಿಗೆ ಮತ್ತು ಸಂಜೆಯ ಪ್ರಸಾದದ ಹೊತ್ತಿಗೆ, ನಿಡಸೂರು ಪೇಟೆಯ ಜನ ಪಾಳಿ ಹಚ್ಚಿಕೊಂಡು ಬಂದು ಗಿಡಗಳಾಗಿ ನಿಂತರು. ಶೆಟ್ಟರ ಅಂಗಡಿ ಬಾಗಿಲು ತೆರೆಯುವುದು ತಡವಾಗುತ್ತಿತ್ತು. "ಸಾವಕಾರ್ರು ಹುಲ್ಲಾಗ್ಯಾರ, ತಡೀರಿ" ಎಂದು ಗಿರಾಕಿಗಳು ಕಟ್ಟೆಯ ಮೇಲೆ ಕೂತು ನಗುತ್ತಿದ್ದರು.

ಮೋನಪ್ಪನ ಪಾಳಿ ನಸುಕಿನದು. ತೆಕ್ಕೆ ಬಾಡಿದಂತೆ ಬೇರೆ ಹಿತ್ತಲಿನಿಂದ ಹಸಿ ಟೊಂಗೆ ತಂದು ಹಿಡಿದು ನಿಲ್ಲುತ್ತಿದ್ದ. ಮಂಜು ಇನ್ನೂ ನೆಲ ಬಿಟ್ಟಿರುತ್ತಿರಲಿಲ್ಲ. ಮೊದಲ ದಿನ ನಾಚಿಕೆಗೆ ಕಣ್ಣು ಮುಚ್ಚಿಕೊಂಡ. ಎರಡನೆಯ ದಿನವೂ ಮುಚ್ಚಿಕೊಂಡ. ಮೂರನೆಯ ದಿನ, ಮುಚ್ಚಿದ ಕಣ್ಣಿನೊಳಗೆ ಹಿತ್ತಲು ತನ್ನಷ್ಟಕ್ಕೇ ಹರಡಿಕೊಳ್ಳತೊಡಗಿತು. ಎಡಕ್ಕೆ ಭಾವಿಯ ನೀರಿನ ತಂಪು. ಹಿಂದೆ ಕೊಟ್ಟಿಗೆಯಲ್ಲಿ ಆಕಳು ಮೆಲುಕಾಡುವ ಸದ್ದು. ಗೋಡೆಯಾಚೆ ಹಾಲಿನವನ ಸೈಕಲ್ಲು. ಪಾದದ ಕೆಳಗೆ ನೆಲ ಎಲ್ಲಿ ಒದ್ದೆ, ಎಲ್ಲಿ ಒಣಗಿದೆ ಎಂಬುದು ಸಹ ತಿಳಿಯುತ್ತಿತ್ತು. ತಾನು ಎಲ್ಲಿದ್ದೇನೆ, ಎಚ್ಚರವಾಗಿದ್ದೇನೋ ನಿದ್ದೆಯಲ್ಲಿದ್ದೇನೋ ಎಂದು ಕೆಲವು ಸಲ ಅವನಿಗೇ ಅನುಮಾನವಾಗುತ್ತಿತ್ತು. ಆ ಹೊತ್ತಿನಲ್ಲಿ ಹೆದರಿಕೆ ಹತ್ತಿರ ಸುಳಿಯುತ್ತಿರಲಿಲ್ಲ. ಕಣ್ಣು ತೆರೆದರೆ ಮಾತ್ರ ಎರಡೂ ಬದಿಯ ಕತ್ತಲೆ ಕಂಡು ಮತ್ತೆ ಹೆದರುತ್ತಿದ್ದ.

ದಿನಾ ಅದೇ ಹೊತ್ತಿಗೆ ಚಂಪವ್ವ ಬರುತ್ತಿದ್ದಳು. ನಿಂತಿರುವವನು ಮನುಷ್ಯನೆಂದು ಅವಳಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೂ ಮೂವತ್ತು ವರ್ಷದ ರೂಢಿ ಬಿಡದೆ ಗಿಡದ ಜೊತೆಗೆ ಮಾತಾಡುತ್ತಿದ್ದಳು. "ಏನ ಕಸ್ತೂರವ್ವಾ, ಥಂಡಿ ಜೋರಾತೇನ? ನಿನ್ನಿ ಸಾರಿಗೆ ಉಪ್ಪು ಹೆಚ್ಚಾಗಿತ್ತು ನೋಡು." ಹೀಗೇ ಏನಾದರೂ. ಮೋನಪ್ಪ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದ.

ಹತ್ತೊಂಬತ್ತನೆಯ ದಿನ ಅವಳು ಬಂದವಳೇ ಎಲೆ ಚಿವುಟದೆ ಸ್ವಲ್ಪ ಹೊತ್ತು ನಿಂತಳು.

"ನಿಮ್ಮಜ್ಜೀನ್ನ ಇಲ್ಲಿ ಹಚ್ಚಿದಾಕಿ ನಾನs, ಗೊತ್ತೈತೇನು?" ಎಂದಳು ಗಿಡಕ್ಕೆ. "ಮೂವತ್ತು ವರ್ಷದ ಮಾತು. ಒಂದs ಜ್ವರದಾಗ ಎರಡೂ ಕಣ್ಣು ಹೋದವು. ರಾತ್ರಿ ಮಲಗಿದಾಕಿ ಮುಂಜಾನೆ ಎದ್ದರ ಬೆಳಕಾಗಲೇ ಇಲ್ಲ. ಇಲ್ಲಿಗೆ ತಂದು ಬಿಟ್ರು. ತಿಂಗಳಗಟ್ಟಲೆ ಆ ಕಟ್ಟಿ ಬಿಟ್ಟು ಇಳಿಲಿಲ್ಲ. ಯಾರಾರ ಕೈ ಹಿಡದ್ರ ಕಚ್ಚಾಕ ಹೋಗತಿದ್ದೆ. ಅಜ್ಜಾರು ಒಂದು ದಿನ ಬಂದು ಒಂದು ಕಡ್ಡಿ ಕೈಯಾಗಿಟ್ರು, ಹಚ್ಚು ಅಂದ್ರು, ಹ್ವಾದ್ರು. ಎಲ್ಲಿ ಹಚ್ಚಲಿ? ತೆವಳಕೋತ ಬಂದು ಇಲ್ಲೇ ಒಂದು ಕಡೆ ಚುಚ್ಚಿ ಹೋದೆ. ಮರುದಿನ ನೀರು ಹಾಕಬೇಕಲ್ಲ? ಹುಡುಕಿದೆ. ಸಿಗಲಿಲ್ಲ. ಅತ್ತೆ. ಅದರ ಮರುದಿನ ಸಿಕ್ತು. ಹಿಂಗ ದಿನಾ ಹುಡುಕ್ಕೋತನs ನಾ ನಡಿಯೂದು ಕಲತೆ."

ಅವಳ ಬೆರಳು ಎಲೆಗಾಗಿ ಮುಂದೆ ಬಂದವು. ಎಲೆಯ ಬದಲು ಮೋನಪ್ಪನ ಮುಂಗೈ ಸಿಕ್ಕಿತು. ಅದು ಒದ್ದೆಯಾಗಿತ್ತು. ಮುದುಕಿ ಬೆರಳನ್ನು ನಾಲಿಗೆಗೆ ತಾಗಿಸಿ ನೋಡಿದಳು. ಇಬ್ಬನಿಗೆ ಉಪ್ಪಿರುವುದಿಲ್ಲ.

"ಇದೇನವಾ, ಇವತ್ತ ಗಿಡ ಅಳಾಕತ್ತೈತಿ?"

ಮೋನಪ್ಪ ತಡೆದುಕೊಳ್ಳಲಾರದೆ ಹೋದ. "ಯವ್ವಾ," ಎಂದ. "ಯವ್ವಾ, ನನ್ನ ಕಣ್ಣೂ ಹೊಂಟಾವು."

ಹೆಂಡತಿಗೆ ಹೇಳದ ಮಾತು, ದೇವರ ಮುಂದೆಯೂ ಆಡದ ಮಾತು. ಒಮ್ಮೆ ಬಾಯಿಂದ ಹೊರಗೆ ಬಿದ್ದದ್ದೇ ಉಳಿದದ್ದೆಲ್ಲ ಹಿಂದೆಯೇ ಬಂತು. ಕಾಚಬಿಂದು, ಬಚ್ಚಿಟ್ಟ ಬಾಟಲಿ, ಇಳಿಜಾರಾದ ಗೆರೆ, ಕಡೆಯ ದಿನದ ಲೆಕ್ಕಾಚಾರ, ಎಲ್ಲ. ಎಳೆಮಗುವಿನ ಹಾಗೆ ಬಿಕ್ಕಿಬಿಕ್ಕಿ ಅತ್ತ.

ಚಂಪವ್ವ ಅವನ ತಲೆ ಸವರಲಿಲ್ಲ, ಲೊಚಗುಟ್ಟಲಿಲ್ಲ. "ಪೂರಾ ಹೋಗ್ಯಾವೇನು?" ಎಂದು ಕೇಳಿದಳು.

"ಇಲ್ಲಬೇ. ಎರಡು ವರ್ಷ ತಡೀತಾವ ಅಂದಾರ."

"ಎರಡು ವರ್ಷ!" ಮುದುಕಿ ನಕ್ಕಳು. "ನನಗ ಒಂದು ರಾತ್ರಿನೂ ಸಿಕ್ಕಿದ್ದಿಲ್ಲಲೋ ತಮ್ಮಾ. ಹಂಗಾರ ಹೇಳು, ನಿನ್ನ ಮನೀಗೆ ಯಾವ ಗಿಡ ಹಚ್ಚತಿ?"

ಒಂದು ಎಲೆ ಚಿವುಟಿ ತುರುಬಿಗಿಟ್ಟುಕೊಂಡು ಅವಳು ಭಾವಿಯ ಕಡೆ ಹೋದಳು. ಮೋನಪ್ಪ ಆ ಮಾತನ್ನೇ ನೆನೆಯುತ್ತ ನಿಂತೇ ಇದ್ದ. ಬಿಸಿಲು ಬಿತ್ತು. ಕೊಟ್ಟಿಗೆಯ ಕಟ್ಟೆಯ ಮೇಲೆ ಅಜ್ಜನವರು ಬತ್ತಿ ಹೊಸೆಯುತ್ತ ಕುಳಿತಿದ್ದರು, ಈ ಕಡೆ ನೋಡಿರಲಿಲ್ಲ. ಅವನು ಓಡಿ ಹೋಗಿ ಅವರ ಪಾದದ ಮೇಲೆ ಬಿದ್ದ.

"ಅಜ್ಜಾರ, ತಪ್ಪಾತು. ಗಿಡ ಮಾತಾಡಿಬಿಡ್ತು."

ಅಜ್ಜನವರು ಹತ್ತಿ ಕೆಳಗಿಟ್ಟರು. ಅವನ ಭುಜ ಹಿಡಿದು ಎಬ್ಬಿಸಿ ಮುಖ ನೋಡಿದರು. ಅವರ ಕಣ್ಣಿನಲ್ಲಿದ್ದ ಅಂತಃಕರಣವನ್ನು ಮೋನಪ್ಪ ಬದುಕಿರುವತನಕ ಹೇಳಿಕೊಂಡು ಅಳುತ್ತಿದ್ದ.

"ಬೇರು ಬಿಡ್ತು ಅಂದಂಗಾತು. ಮನೀಗೆ ಹೋಗು."

ಮೋನಪ್ಪ ಮನೆಗೆ ಹೋದ. ಕಾಳವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅವಳ ಎದುರಿಗೆ ಕುಳಿತು ಎಲ್ಲವನ್ನೂ ಹೇಳಿದ. ಅವಳ ಕೈ ಹಿಟ್ಟಿನಲ್ಲಿಯೇ ನಿಂತಿತು, ರೊಟ್ಟಿ ಸೀದು ಹೋಯಿತು. "ಇಷ್ಟು ದಿನ ಒಬ್ಬಾವನs ಹೊತ್ಕೊಂಡು ತಿರುಗೀರಲ್ಲ, ನಾ ಏನು ಸತ್ತಿದ್ನೇನ್ರಿ?" ಎಂದು ಜಗಳ ತೆಗೆದು, ಅತ್ತು, ಸೆರಗಿನಿಂದ ಮುಖ ಒರೆಸಿಕೊಂಡಳು. ಸೀದ ರೊಟ್ಟಿ ತೆಗೆದು ಇನ್ನೊಂದು ಬಡಿದು ಹಾಕಿದಳು.

"ಬಚ್ಚಲ ದಾರಿಗೆ ದವನ ಹಚ್ಚೂಣೇನ್ರಿ?" ಎಂದಳು ಕಡೆಗೆ.

ಆ ವರ್ಷ ಅವರ ಅಂಗಳದ ತುಂಬ ಗಿಡಗಳಾದವು. ಯಾವುದನ್ನು ಎಲ್ಲಿ ನೆಡಬೇಕೆಂದು ಮೋನಪ್ಪ ಕಣ್ಣು ಮುಚ್ಚಿಕೊಂಡು ನಡೆದು ನಡೆದು ಗೊತ್ತುಮಾಡಿದ. ಔಷಧವನ್ನು ಒಂದು ದಿನವೂ ತಪ್ಪಿಸಲಿಲ್ಲ. ಡಾಕ್ಟರು ಹೇಳಿದ್ದಕ್ಕಿಂತ ಒಂದು ಮಳೆಗಾಲ ಹೆಚ್ಚಿಗೆ ಬೆಳಕು ನಿಂತಿತು. ಆಮೇಲೆ ಒಂದು ಬೆಳಗ್ಗೆ ಅದೂ ಹೋಯಿತು.

ಆ ಬೆಳಗ್ಗೆ ಅವನು ಹಾಸಿಗೆಯ ಮೇಲೆ ಎದ್ದು ಕುಳಿತು, "ಕಾಳವ್ವಾ, ಹೋದವು" ಎಂದ. ಎದ್ದು ನಿಂತ. ಹೊಸ್ತಿಲು ದಾಟಿದ. ದವನದ ಸಾಲಿಗೆ ಕೈಯಾಡಿಸುತ್ತ, ಮೂಲೆಯಲ್ಲಿ ಒಂದು ಗಳಿಗೆ ನಿಂತು, ಬಲಕ್ಕೆ ಹೊರಳಿ, ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡ. ಕಾಳವ್ವ ಅಡುಗೆಮನೆಯ ಬಾಗಿಲಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತು ನೋಡುತ್ತಿದ್ದಳು. ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಅಡವಯ್ಯ ಅಜ್ಜನವರ ಗಿಡದ ಮಾತು ನೆನೆಸಿಕೊಂಡು, ಕೈ ಹಿಡಿಯಲು ನಿಂತ ಜಾಗದಿಂದ ಅವಳು ಒಂದು ಹೆಜ್ಜೆಯನ್ನೂ ಮುಂದಿಡಲಿಲ್ಲ.